ಎದ್ದೇಳಪ್ಪನ ಅರವತ್ತು ಸೆಕೆಂಡು

ಬೀಳುವುದರಲ್ಲಿ ಎರಡು ಬಗೆ. ಯಾರೂ ಇಲ್ಲದಾಗ ಬಿದ್ದರೆ ಮೊದಲು ನೋವಾಗುತ್ತದೆ. ನಾಲ್ಕು ಜನರ ಎದುರು ಬಿದ್ದರೆ ಮೊದಲು ನಗು ಬರುತ್ತದೆ, ಅದೂ ನಮ್ಮದಲ್ಲ. ನಾನು ಬಿದ್ದದ್ದು ಹೆಂಡತಿ, ಅತ್ತೆ, ಎದುರುಮನೆಯ ಬಡಗಿ, ಅವನ ಇಬ್ಬರು ಸೊಸೆಯಂದಿರು ಮತ್ತು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಒಬ್ಬ ಗುಮಾಸ್ತನ ಎದುರು.

ನಗರ ಕಚೇರಿಯಿಂದ ಬಂದಿದ್ದ ಆ ಗುಮಾಸ್ತ ಹೇಳಿದ್ದು ಇಷ್ಟೇ: "ಸ್ವಲ್ಪ ಎದ್ದೇಳ್ತೀರಾ ಸಾರ್? ಒಳಗಿನ ಕೋಣೆಯಿಂದ ಬೀದೀಲಿ ನಾನು ಎಳೆದಿರೋ ಗೆರೆ ತನಕ ಬರಬೇಕು. ಮಾಮೂಲು ನಡಿಗೇಲಿ ಬಂದ್ರೆ ಸಾಕು."

ಮಾಮೂಲು ನಡಿಗೆ ಸಾಕು ಎಂದರೆ ಐವತ್ತು ದಾಟಿದ ಗಂಡಸಿಗೆ ಅವಮಾನ. ಹೊಟ್ಟೆಯನ್ನು ಒಳಗೆಳೆದುಕೊಂಡು ಬಾಣದ ಹಾಗೆ ಹೊರಟೆ. ಕೋಣೆ ದಾಟಿದೆ, ನಡುಮನೆ ದಾಟಿದೆ, ಬಾಗಿಲಾಚೆಯ ಮೂರು ಮೆಟ್ಟಿಲನ್ನು ಒಂದೇ ಎಂದು ಭಾವಿಸಿದೆ. ಅಲ್ಲವೆಂದು ಪಾದ ತಿಳಿಸುವಷ್ಟರಲ್ಲಿ ಬಡಗಿ ಒಟ್ಟಿದ್ದ ಮರದ ಹೊಟ್ಟಿನ ಚೀಲಗಳ ಮೇಲೆ ಅಂಗಾತ ಮಲಗಿದ್ದೆ. ಬಡಗಿ ರಟ್ಟೆ ಹಿಡಿದು ಎಬ್ಬಿಸಲು ಬಂದ.

"ಹಿಡ್ಕೋಬೇಡಿ, ಅವರಾಗೇ ಬರಬೇಕು," ಎಂದ ಗುಮಾಸ್ತ. ವಾಚು ನಿಲ್ಲಿಸಿರಲಿಲ್ಲ. "ಗೆರೆ ಇನ್ನೂ ಆರು ಅಡಿ ಇದೆ ಸಾರ್."

ಆರು ಅಡಿಯನ್ನು ಹೇಗೆ ದಾಟಿದೆನೆಂದು ವರ್ಣಿಸುವುದಿಲ್ಲ. ಬಡಗಿಯ ಸೊಸೆಯಂದಿರು ಇವತ್ತಿಗೂ ವರ್ಣಿಸುತ್ತಾರೆ.

"ತೊಂಬತ್ತೊಂದು ಸೆಕೆಂಡು," ಎಂದು ಗುಮಾಸ್ತ ಬರೆದುಕೊಂಡ. "ಅರವತ್ತು ದಾಟಿದ್ರೆ ಎತ್ತಬೇಕಾದವರು. ಒಳಗಿದ್ರೆ ನಡೆಯೋರು. ನೀವು ಎತ್ತಬೇಕಾದವರು ಸಾರ್."

"ಏನ್ರೀ ಇದು, ಕಾಲು ಉಳುಕಿದೆ ಅಷ್ಟೇ. ನಾನು ದಿನಾ ನಾಲ್ಕು ಮೈಲಿ ನಡೀತೀನಿ."

"ಹೌದು, ಫ್ರಿಜ್ಜಿಂದ ಟಿವಿಗೆ. ವರ್ಷದ್ದು ಕೂಡಿದ್ರೆ ನಾಲ್ಕು ಮೈಲಿ ಆಗಬಹುದು," ಎಂದಳು ಹೆಂಡತಿ.

"ವಾಚು ಹೇಳಿದ್ದನ್ನ ಬರೀಬೇಕು ಸಾರ್. ಜನ ಹೇಳಿದ್ದನ್ನ ಬರೆಯೋಕೆ ಶುರು ಮಾಡಿದ್ರೆ ಈ ಊರಲ್ಲಿ ಯಾರೂ ಮುಳುಗೋದೇ ಇಲ್ಲ."

ಆಮೇಲೆ ಅವನು ನಮ್ಮ ಅತ್ತೆಯ ಕಡೆ ತಿರುಗಿದ. "ಸ್ವಲ್ಪ ಎದ್ದೇಳ್ತೀರಾ ಅಮ್ಮ?"

"ಇಪ್ಪತ್ತು ವರ್ಷದಿಂದ ಅಳಿಯ ಬಂದ್ರೇ ಎದ್ದಿಲ್ಲ, ನಿನಗೆ ಏಳ್ತೀನಾ? ಏಳಲ್ಲ ಅಂತ ಬರ್ಕೋ," ಎಂದರು ಅತ್ತೆ. ಅವರ ಸೊಂಟ ಹೋಗಿ ಮೂರು ವರ್ಷವಾಗಿತ್ತು. ಗುಮಾಸ್ತ ಬರೆದುಕೊಂಡ. ಮೂರು ಬೀದಿಗಳಲ್ಲಿ ನಿಜ ಹೇಳಿದ ಏಕೈಕ ವ್ಯಕ್ತಿ ನಿಮ್ಮ ಅತ್ತೆ ಎಂದು ಆಮೇಲೆ ಒಂದು ದಿನ ನನಗೆ ಹೇಳಿದ.

ಈ ಪ್ರಸಂಗದಲ್ಲಿ ನಗುವ ಭಾಗ ಬಹುಪಾಲು ಇಲ್ಲಿಗೆ ಮುಗಿಯಿತು.

ಮನೆಮನೆಗೆ ಹೋಗಿ "ಸ್ವಲ್ಪ ಎದ್ದೇಳ್ತೀರಾ" ಎನ್ನುತ್ತಿದ್ದುದರಿಂದ ಜನ ಅವನಿಗೆ ಎದ್ದೇಳಪ್ಪ ಎಂದು ಹೆಸರಿಟ್ಟಿದ್ದರು. ನಲವತ್ತೆಂಟರ ಆಸುಪಾಸಿನ ಸಣಕಲು ಮನುಷ್ಯ. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಳ್ಳುತ್ತಿದ್ದುದರಿಂದ ಎದೆಯ ಎಡಭಾಗ ಸದಾ ಬೆಳ್ಳಗೆ. ನಗುವುದಿಲ್ಲ, ಸಿಡುಕುವುದೂ ಇಲ್ಲ. ಹದಿನೆಂಟು ವರ್ಷ ಜನನ ಮರಣ ದಾಖಲೆಯ ಮೇಜಿನಲ್ಲಿ ಕೂತಿದ್ದವನನ್ನು ಮೇಲಧಿಕಾರಿ ಕರೆದು, "ನೀನು ಹೇಗೂ ಸತ್ತೋರ ಹೆಸರು ಬರೆಯೋನು, ಈಗ ಸ್ವಲ್ಪ ಮುಂಚೆ ಬರಿ, ಅಷ್ಟೇ ವ್ಯತ್ಯಾಸ," ಎಂದು ಪ್ರವಾಹ ಯೋಜನೆಯ ಕೆಲಸಕ್ಕೆ ಹಚ್ಚಿದ್ದರಂತೆ. ಬೇರೆ ಯಾರೂ ಒಪ್ಪದ ಕೆಲಸ. ಇವನು ಒಪ್ಪಿದ್ದಷ್ಟೇ ಅಲ್ಲ, ಮೈಮೇಲೆ ಹಾಕಿಕೊಂಡ.

ಕೆಲಸ ಹೀಗಿತ್ತು. ನಮ್ಮ ಊರಿನ ಮೇಲುಗಡೆ ಒಂದು ಹಳೆಯ ಅಣೆಕಟ್ಟು. ಅದರ ಬಾಗಿಲು ತೆರೆಯಲೇಬೇಕಾಗಿ ಬಂದರೆ ಸೈರನ್ ಕೂಗುತ್ತದೆ. ಕೂಗಿದ ನಲವತ್ತು ನಿಮಿಷಕ್ಕೆ ತಗ್ಗಿನ ಮೂರು ಬೀದಿಗಳಿಗೆ ನೀರು: ಮಿಲ್ಲಿನ ಬೀದಿ, ನಮ್ಮ ಬಡಗಿಗಳ ಬೀದಿ, ನದಿಗೆ ಎಲ್ಲಕ್ಕಿಂತ ಹತ್ತಿರದ ಗೋದಾಮಿನ ಬೀದಿ. ಕಚೇರಿಗೆ ಇದ್ದದ್ದು ಹನ್ನೆರಡು ಸೀಟಿನ ಒಂದೇ ಗಾಡಿ. ನಡೆಯಲಾರದವರನ್ನು ಹತ್ತಿಸಿಕೊಂಡು, ಗುಡ್ಡದ ಶಾಲೆಯಲ್ಲಿ ಇಳಿಸಿ, ಮರಳಿ ಬರಲು ಇಪ್ಪತ್ತು ನಿಮಿಷ. ನಲವತ್ತರಲ್ಲಿ ಇಪ್ಪತ್ತು ಎರಡೇ ಸಲ ಹೋಗುತ್ತದೆ, ಬೀದಿಗಳು ಮೂರು. ಒಂದೇ ಸುತ್ತಿನಲ್ಲಿ ಎರಡು ಬೀದಿ ಮುಗಿಸೋಣವೆಂದರೆ ಅವು ಒಂದಕ್ಕೊಂದು ಕೂಡುವುದಿಲ್ಲ. ಬೆರಳುಗಳು ಅಂಗೈಗೆ ಸೇರುವ ಹಾಗೆ ಗುಡ್ಡದ ರಸ್ತೆಯಲ್ಲೇ ಸೇರುವುದು. ಎತ್ತಬೇಕಾದವರು ಯಾವ ಬೀದಿಯಲ್ಲಿ ಹೆಚ್ಚೋ ಗಾಡಿ ಅಲ್ಲಿಗೆ ಮೊದಲು. ಎರಡು ಬೀದಿ ಸಮನಾದರೆ ನದಿಗೆ ಹತ್ತಿರದ್ದು ಮುಂದೆ. ಮೂರನೆಯ ಬೀದಿಗೆ ಗಾಡಿ ಇಲ್ಲ. ಅಲ್ಲಿಗೆ ನಾಲ್ಕು ಜನ ಸ್ವಯಂಸೇವಕರು, ಹೊತ್ತೊಯ್ಯಲು ಎರಡು ಕುರ್ಚಿ.

ನಿಯಮದ ಪ್ರಕಾರ ಒಂದು ವಾರ ಮುಂಚೆ ಬೀದಿಬೀದಿಯ ಗೋಡೆಗೆ ನೋಟೀಸು ಅಂಟಿಸಬೇಕಿತ್ತು, ಇಂಥ ದಿನ ನಡಿಗೆ ಪರೀಕ್ಷೆ ಎಂದು. ಎದ್ದೇಳಪ್ಪ ಅಚ್ಚುಕಟ್ಟಾಗಿ ಅಂಟಿಸಿದ. ಕೆಟ್ಟದ್ದು ಅಲ್ಲಿಯೇ. ಪರೀಕ್ಷೆ ಎಂಬ ಮಾತು ಕಣ್ಣಿಗೆ ಬಿದ್ದದ್ದೇ ಊರಿಗೆ ಊರೇ ಪಾಸಾಗಲು ಹೊರಟಿತು. ಮಿಲ್ಲಿನ ಬೀದಿಯ ನಿವೃತ್ತ ಪೋಸ್ಟ್‌ಮ್ಯಾನ್ ಬೆಳಗಾಗೆದ್ದು ಕೋಣೆಯಿಂದ ಬೀದಿಗೆ, ಬೀದಿಯಿಂದ ಕೋಣೆಗೆ ಅಭ್ಯಾಸ ಮಾಡಿದ; ಸೊಸೆ ಬಾಗಿಲಲ್ಲಿ ನಿಂತು ಎಣಿಸಿದಳು. ಒಬ್ಬ ಅಜ್ಜಿ ಮೊಮ್ಮಗಳ ಆಟದ ಬೂಟು ತೊಟ್ಟು ಬಂದು ನಲವತ್ತಾರು ಸೆಕೆಂಡಿನಲ್ಲಿ ಗೆರೆ ದಾಟಿ, ಅಲ್ಲೇ ಕೂತು ಎರಡು ಗಂಟೆ ಏಳಲಿಲ್ಲ. ಇನ್ನೊಂದು ಮನೆಯವರು ಹಾಸಿಗೆ ಹಿಡಿದ ತಾತನನ್ನು ಬಚ್ಚಲಿನಲ್ಲಿ ಮಲಗಿಸಿ ಬಾಗಿಲು ಮುಂದೆಳೆದು, "ನಮ್ಮ ಮನೇಲಿ ಅಂಥವರು ಯಾರೂ ಇಲ್ಲ," ಎಂದರು. ತಾತ ಒಳಗಿಂದ ಕೆಮ್ಮಿದ. "ಅದು ನಲ್ಲಿ," ಎಂದರು.

ಫೇಲಾಗುವುದು ಯಾರಿಗೆ ಬೇಕು? ನನ್ನ ಹೊಟ್ಟೆಯನ್ನು ನಾನು ಯಾಕೆ ಒಳಗೆಳೆದುಕೊಂಡೆನೋ ಅದಕ್ಕೇ ಅವರೂ.

ನಾನು ಬಿದ್ದ ಮರುವಾರ, ಕುಂಟಿಕೊಂಡು ಕಚೇರಿಗೆ ಹೋದೆ. ನನ್ನ ಹೆಸರನ್ನು ಎತ್ತಬೇಕಾದವರ ಪಟ್ಟಿಯಿಂದ ತೆಗೆಯಬೇಕೆಂದು ಅರ್ಜಿ ಬರೆದಿದ್ದೆ. ಲೋಕಕಲ್ಯಾಣಕ್ಕಲ್ಲ. ಪಟ್ಟಿಯನ್ನು ಕಚೇರಿಯ ಹೊರಗೆ ಅಂಟಿಸಿದ್ದರು, ಬಡಗಿ ಅದನ್ನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದ.

ಎದ್ದೇಳಪ್ಪ ಅರ್ಜಿಯನ್ನು ಎರಡು ಸಲ ಓದಿ ಮೇಜಿನ ಮೇಲೆ ನನ್ನ ಕಡೆಗೇ ತಿರುಗಿಸಿಟ್ಟ.

"ಮರುಪರೀಕ್ಷೆ ಆರು ತಿಂಗಳಿಗೆ ಸಾರ್."

"ಆರು ತಿಂಗಳು ನಾನು ಹೆಣದ ಹಾಗೆ ಪಟ್ಟೀಲಿ ಇರಬೇಕಾ? ಉಳುಕಿದ ಕಾಲು ಹದಿನೈದು ದಿನಕ್ಕೆ ಸರಿಹೋಗುತ್ತೆ. ಡಾಕ್ಟ್ರು ಚೀಟಿ ತರ್ತೀನಿ."

"ತಂದ್ರೆ ತೆಗೀಬಹುದು, ಮೇಲಧಿಕಾರಿ ಸಹಿ ಮಾಡ್ತಾರೆ. ಆದ್ರೆ ನೀವೇ ಲೆಕ್ಕ ನೋಡಿ. ಮಿಲ್ಲಿನ ಬೀದಿ ಹನ್ನೆರಡು. ನಿಮ್ಮದು ಒಂಬತ್ತು. ಗೋದಾಮಿನ ಬೀದಿ ಎಂಟು. ನಿಮ್ಮ ಹೆಸರು ತೆಗೆದ್ರೆ ನಿಮ್ಮದೂ ಎಂಟು. ಸಮ ಆದ್ರೆ ನದಿಗೆ ಹತ್ತಿರ ಇರೋರಿಗೆ ಗಾಡಿ. ನಿಮ್ಮ ಬೀದಿಗೆ ಇಲ್ಲ. ಗೋದಾಮಿನ ಬೀದೀಲಿ ನಮ್ಮಕ್ಕ ಇದ್ದಾಳೆ. ನಡೆಯೋರ ಪಟ್ಟೀಲಿ ಇದ್ದಾಳೆ. ಆದ್ರೆ ನಡೆಯಲ್ಲ."

ಆಗ ಅವನು ಹೇಳಿದ್ದನ್ನು, ಆಮೇಲೆ ಅವನ ಮೇಲಧಿಕಾರಿಯಿಂದ ಕೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಇವನಿಗೆ ಐದು, ಅಕ್ಕನಿಗೆ ಹದಿನಾರು. ಅಕ್ಕ ಗೋದಾಮಿಗೆ ಗೋಣಿಚೀಲ ಹೊಲಿಯಲು ಕೂತಳು. ಕಾಲಿನಲ್ಲಿ ತುಳಿಯುವ ಮಿಷನ್ನು, ದಿನಕ್ಕೆ ಇನ್ನೂರು ಚೀಲ. ಇವನು ಓದಿದ, ಕೆಲಸ ಸಿಕ್ಕಿತು, ಮದುವೆಯಾಯಿತು. ಅವಳು ಮದುವೆಯಾಗಲಿಲ್ಲ. ಮೂವತ್ತೆಂಟು ವರ್ಷ ತುಳಿದ ಮೇಲೆ ಮಂಡಿಗಳು ನಾವಿನ್ನು ಒಲ್ಲೆವೆಂದವು. ಮನೆಗೆ ಬಾ ಎಂದು ತಮ್ಮ ಎಷ್ಟೋ ಸಲ ಕರೆದಿದ್ದ. "ನಿನ್ನ ಹೆಂಡತಿ ಒಳ್ಳೆಯವಳು. ನಾನು ಬಂದು ಆ ಹೆಸರು ಯಾಕೆ ಕೆಡಿಸಲಿ," ಎಂದು ಅವಳು ತನ್ನ ಒಂದೇ ಕೋಣೆಯಲ್ಲಿ ಉಳಿದಿದ್ದಳು.

ಗೋದಾಮಿನ ಬೀದಿಯ ಪರೀಕ್ಷೆಯ ದಿನ ಮೇಲಧಿಕಾರಿಯೂ ಜೊತೆಗೆ ಬಂದಿದ್ದರು. ಅಕ್ಕ ತಲೆ ಬಾಚಿಕೊಂಡು, ಹೊಸ ಚಪ್ಪಲಿ ಹಾಕಿಕೊಂಡು, ಮಿಷನ್ನಿನ ಸ್ಟೂಲಿನ ಮೇಲೆ ಸಿದ್ಧವಾಗಿ ಕೂತಿದ್ದಳು. ಕೋಣೆಯಿಂದ ಬಾಗಿಲಿನವರೆಗೆ ಗೋಡೆಯ ಉದ್ದಕ್ಕೂ ಮೊಳಕ್ಕೊಂದು ಬೆವರಿನ ಕೈಗುರುತು. ಹೋದ ಭಾನುವಾರ ಇವನು ಬಂದಾಗ ಅವು ಇರಲಿಲ್ಲ.

"ಸ್ವಲ್ಪ ಎದ್ದೇಳ್ತೀಯಾ ಅಕ್ಕ?"

"ಬೀದಿಗೆಲ್ಲ ಎದ್ದೇಳ್ತೀರಾ ಅಂತೀಯಂತೆ, ನನಗೆ ಮಾತ್ರ ಎದ್ದೇಳ್ತೀಯಾ? ಸರ್ಕಾರಿ ಕೆಲಸದ ಮೇಲೆ ಬಂದಿದ್ದೀಯ, ಮರ್ಯಾದೆ ಕೊಟ್ಟು ಮಾತಾಡು."

ಮೇಲಧಿಕಾರಿ ನಕ್ಕರು. ಅಕ್ಕ ಎದ್ದಳು. ಗೋಡೆಯ ಗುರುತುಗಳ ಮೇಲೆ ಒಂದೊಂದಾಗಿ ಕೈಯಿಟ್ಟು, ಹೊಸಲು ದಾಟಿ, ಗೋಡೆ ಮುಗಿದ ಮೇಲೆ ಗಾಳಿಯನ್ನೇ ಹಿಡಿದವಳ ಹಾಗೆ ಗೆರೆಯವರೆಗೆ ಬಂದಳು. ಐವತ್ನಾಲ್ಕು ಸೆಕೆಂಡು.

"ಪಾಸೋ ಫೇಲೋ ಹೇಳೋ."

"ಪಾಸಮ್ಮ, ಪಾಸು," ಎಂದರು ಮೇಲಧಿಕಾರಿ. "ತಮ್ಮನಿಗಿಂತ ನೀವೇ ಚುರುಕು." ಅವರು ಪಕ್ಕದ ಮನೆಗೆ ಹೋದರು. ತಮ್ಮ ಅಲ್ಲೇ ನಿಂತ.

"ಎಷ್ಟು ಮಾತ್ರೆ ನುಂಗಿದ್ದೀಯ?"

"ಎರಡು."

"ಅಕ್ಕ."

"ನಾಲ್ಕು. ಏನೀಗ?"

"ನೀನು ನಾಲ್ಕು ಮಾತ್ರೆ ನುಂಗಿ ಅವು ಹಿಡಿಯೋ ತನಕ ನೀರು ಕಾಯುತ್ತಾ? ಎತ್ತಬೇಕಾದವರು ಅಂತ ಬರ್ಕೋತೀನಿ, ಸುಮ್ನಿರು. ನಿಮ್ಮ ಬೀದಿಗೆ ಗಾಡಿ ಬರುತ್ತೆ."

"ಬರುತ್ತೆ. ತಮ್ಮ ಗುಮಾಸ್ತ, ಅದಕ್ಕೇ ಅಕ್ಕಂಗೆ ಗಾಡಿ ಅಂತಾನೂ ಅಂತಾರೆ. ನಿನ್ನ ಸಾಹೇಬರು ಕಣ್ಣಾರೆ ನೋಡಿದ್ದಾರೆ, ಪಾಸು ಅಂದಿದ್ದಾರೆ. ಈಗ ನೀನು ಬೇರೆ ಬರೆದ್ರೆ ಕೆಲಸ ಉಳಿಯುತ್ತಾ?" ಅವಳು ಉಸಿರು ತೆಗೆದುಕೊಂಡಳು. "ಬೀದಿ ತುಂಬ ನಿನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದೋಳು ನಾನು. ಈಗ ನನ್ನನ್ನ ಎತ್ತಬೇಕು ಅಂತ ನೀನೇ ಬರೀತೀಯೇನೋ?"

ಅವನು ಐವತ್ನಾಲ್ಕು ಎಂದು ಬರೆದ. ವಾಚು ಹೇಳಿದ್ದೂ ಅಷ್ಟೇ.

"ಆರು ತಿಂಗಳಿಗೆ ಮರುಪರೀಕ್ಷೆ ಬರುತ್ತೆ," ಎಂದ ನನಗೆ. "ಆಗ ಮುಂಚೆ ತಿಳಿಸದೆ ಹೋಗ್ತೀನಿ, ಮಾತ್ರೆ ನುಂಗೋಕೆ ಮುಂಚೆ. ಅಲ್ಲೀವರೆಗೆ ಗಾಡಿ ಅವಳ ಬೀದಿಗೆ ಬಂದು ಖಾಲಿ ಸೀಟಲ್ಲಿ ಅವಳನ್ನೂ ಹತ್ತಿಸ್ಕೊಳ್ಳೋ ದಾರಿ ಅಂದ್ರೆ ನಿಮ್ಮ ಅರ್ಜಿ ಒಂದೇ. ಅದಕ್ಕೇ ಅದನ್ನ ನಾನಾಗಿ ತಗೊಂಡು ಮೇಲೆ ಕಳಿಸೋಕೆ ಕೈ ಬರ್ತಿಲ್ಲ. ಕೊಡಲೇಬೇಕು ಅಂದ್ರೆ ಕೊಡಿ ಸಾರ್, ಕಳಿಸ್ತೀನಿ. ನಿಮ್ಮಿಷ್ಟ."

ನಾನು ಅರ್ಜಿಯನ್ನು ಕೈಗೆ ತೆಗೆದುಕೊಂಡೆ. ಮನೆಯಲ್ಲಿ ಅತ್ತೆ ಇದ್ದರು, ಸೊಂಟ ಇಲ್ಲದೆ. ನಮ್ಮ ಬೀದಿಯಲ್ಲಿ ಮಹಡಿ ಮನೆ ಒಂದೂ ಇಲ್ಲ. ಗೋದಾಮಿನ ಬೀದಿಯಲ್ಲಾದರೆ ಮೂರಂತಸ್ತಿನ ಗೋದಾಮು ಇದೆ, ಕುರ್ಚಿಯಲ್ಲಿ ಹೊತ್ತು ಮಹಡಿಗೆ ಸೇರಿಸಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕುರ್ಚಿ ಬರುವುದೂ ಪಟ್ಟಿಯಲ್ಲಿದ್ದವರಿಗೆ ಎಂಬುದನ್ನು ಹೇಳಿಕೊಳ್ಳಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಬಂದೆ. ಹೋಗುವಾಗ ಕುಂಟಿದ್ದಕ್ಕಿಂತ ಬರುವಾಗ ಹೆಚ್ಚು ಕುಂಟಿದೆನೆಂದು ತೋರುತ್ತದೆ.

ಐದನೆಯ ತಿಂಗಳಲ್ಲಿ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ, ಸೈರನ್ ಕೂಗಿತು.

ನನ್ನ ಕಾಲು ಎಂದೋ ಸರಿಹೋಗಿತ್ತು. ನಮ್ಮ ಬೀದಿಯಲ್ಲಿ ಎಲ್ಲವೂ ಕಾಗದದಲ್ಲಿದ್ದ ಹಾಗೆಯೇ ನಡೆಯಿತು. ಗಾಡಿ ಮಿಲ್ಲಿನ ಬೀದಿಯ ಹನ್ನೆರಡು ಜನರನ್ನು ಶಾಲೆಯಲ್ಲಿ ಇಳಿಸಿ ನಮ್ಮಲ್ಲಿಗೆ ಬಂತು. ಬಡಗಿ ಮತ್ತು ನಾನು ಅತ್ತೆಯನ್ನು ಎತ್ತಿ ಕೂರಿಸಿದೆವು. ಡ್ರೈವರ್ ಪಟ್ಟಿ ಹಿಡಿದು ಎಣಿಸಿದ.

"ಎಂಟೇ ಇದ್ದಾರೆ. ಒಂಬತ್ತನೇದು ಯಾರು?"

"ನಾನೇ. ನಾನು ನಡ್ಕೊಂಡು ಬರ್ತೀನಿ."

"ಪಟ್ಟೀಲಿ ಎತ್ತಬೇಕಾದವರು ಅಂತಿದೆ. ನಿಮ್ಮನ್ನ ಬಿಟ್ಟು ಹೋದ್ರೆ ಉತ್ತರ ಕೊಡೋನು ನಾನು. ಹತ್ತಿ ಸಾರ್."

"ಹತ್ತಪ್ಪ ಹತ್ತು," ಎಂದರು ಒಳಗಿಂದ ಅತ್ತೆ. "ನೀನೊಬ್ಬ ನಡೆಯೋಕೆ ನಾವೆಲ್ಲ ಮುಳುಗಬೇಕಾ?"

ಹತ್ತಿದೆ. ನನ್ನ ಹೆಂಡತಿ ನಡೆದು ಬಂದಳು. ಕಿಟಕಿಯಿಂದ ಅವಳು ಹಿಂದೆ ಸರಿಯುವುದು ಕಾಣುತ್ತಿತ್ತು. ಅವಳು ನನ್ನತ್ತ ನೋಡಲಿಲ್ಲ.

ಗುಡ್ಡದ ಶಾಲೆಯ ಗೇಟಿನಲ್ಲಿ ಎದ್ದೇಳಪ್ಪ ಪಟ್ಟಿ ಹಿಡಿದು ನಿಂತಿದ್ದ. ಬಂದವರ ಹೆಸರಿಗೆ ಗುರುತು ಹಾಕುವುದು ಅವನ ಕೆಲಸ. ಗೇಟು ಬಿಟ್ಟು ಕದಲುವ ಹಾಗಿಲ್ಲ. ನಾನು ಗಾಡಿಯಿಂದ ನೆಟ್ಟಗೆ ಇಳಿದೆ. ಅವನು ನನ್ನ ಕಾಲನ್ನೊಮ್ಮೆ ನೋಡಿದ.

"ಬಡಗಿಗಳ ಬೀದಿ, ಎತ್ತಬೇಕಾದವರು ಒಂಬತ್ತು, ಪೂರ್ತಿ," ಎಂದು ಗುರುತು ಹಾಕಿದ.

ಆಮೇಲೆ ನಡೆಯುವವರು ಬರತೊಡಗಿದರು. ಮಿಲ್ಲಿನ ಬೀದಿ, ನಮ್ಮ ಬೀದಿ, ಕೊನೆಗೆ ಗೋದಾಮಿನ ಬೀದಿ. ಅಕ್ಕನ ಪಕ್ಕದ ಮನೆಯ ಇಸ್ತ್ರಿ ಅಂಗಡಿಯ ಹೆಂಗಸು ಎರಡು ಮಕ್ಕಳನ್ನು ಕಂಕುಳಲ್ಲಿ ಅವುಚಿಕೊಂಡು ಏದುಸಿರು ಬಿಡುತ್ತ ಬಂದಳು.

"ಅಕ್ಕ ಎಲ್ಲಿ?" ಎಂದ ಎದ್ದೇಳಪ್ಪ.

"ಹಿಂದೇನೇ ಬರ್ತಿದ್ರಣ್ಣ. ನೀ ಮುಂದೆ ಹೋಗು, ಮಕ್ಕಳಿದಾವೆ ಅಂದ್ರು. ಕುರ್ಚಿ ಹೊರೋರು ಕೂತ್ಕೊಳಮ್ಮ ಅಂದ್ರೆ, ನಿಮ್ಮ ಪಟ್ಟೀಲಿ ನನ್ನ ಹೆಸರಿಲ್ಲ, ಇರೋರನ್ನ ಮೊದಲು ಎತ್ತಿ, ನನ್ನ ತಮ್ಮ ಲೆಕ್ಕ ಹಾಕಿ ಬರ್ದಿದ್ದಾನೆ ಅಂದ್ರು."

ಅವನು ಪಟ್ಟಿಯನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟ. "ಬಂದೋರಿಗೆ ಗುರುತು ಹಾಕ್ತಿರಿ ಸಾರ್," ಎಂದು ಹೇಳಿ ಇಳಿಜಾರಿನಲ್ಲಿ ಓಡಿದ. ನಾನು ಗುರುತು ಹಾಕಿದೆ. ಗೋದಾಮಿನ ಮಹಡಿಯಿಂದ ಸ್ವಯಂಸೇವಕರ ಫೋನು ಬಂತು: ಎತ್ತಬೇಕಾದ ಎಂಟೂ ಜನ ಕ್ಷೇಮ. ಅದಕ್ಕೂ ಗುರುತು ಹಾಕಿದೆ. ಸೈರನ್ ಕೂಗಿ ಮೂವತ್ತೊಂಬತ್ತನೆಯ ನಿಮಿಷಕ್ಕೆ ನೀರು ಬಂದ ಸದ್ದು ಗುಡ್ಡದ ಮೇಲಕ್ಕೂ ಕೇಳಿಸಿತು. ಅವನ ಲೆಕ್ಕ ಒಂದು ನಿಮಿಷ ಮಾತ್ರ ತಪ್ಪಿತ್ತು.

ಅರ್ಧ ಗಂಟೆಯ ಮೇಲೆ ಅವನು ಎದೆಯವರೆಗೆ ನೆನೆದು ಬಂದ. ಪಟ್ಟಿ ತೆಗೆದುಕೊಂಡು, ಗುರುತಿಲ್ಲದೆ ಉಳಿದಿದ್ದ ಒಂದೇ ಹೆಸರಿನ ಮುಂದೆ "ತಲುಪಿಲ್ಲ" ಎಂದು ಬರೆದ. ಅಕ್ಷರ ಎಂದಿನ ಹಾಗೆಯೇ ದುಂಡಗಿತ್ತು.

ಮೂರನೆಯ ದಿನ ನೀರು ಇಳಿದ ಮೇಲೆ ಅವಳು ಬೀದಿಯ ತಿರುವಿನಲ್ಲಿ ಕೈಪಂಪಿನ ಹತ್ತಿರ ಸಿಕ್ಕಳು. ಎದ್ದೇಳಪ್ಪ ಟೇಪು ಹಿಡಿದು ಅವಳ ಬಾಗಿಲಿನಿಂದ ಅಲ್ಲಿಯವರೆಗೆ ಅಳೆದ. ನೂರಾ ನಲವತ್ತಡಿ. ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ಅರ್ಜಿಯ ಮಾತನ್ನು ನಾನು ಅಲ್ಲಿ ಎತ್ತಿದೆ. ಅಂದು ಕೊಟ್ಟಿದ್ದರೆ, ಎಂದೇನೋ ತೊದಲಿದೆ.

"ಕೊಟ್ಟಿದ್ರೆ ಗಾಡಿ ಇಲ್ಲಿಗೆ ಬರ್ತಿತ್ತು," ಎಂದ. "ನಿಮ್ಮ ಅತ್ತೆ ಕುರ್ಚಿ ಮೇಲೆ ಇರ್ತಿದ್ರು. ಟೇಪು ಬಿಗಿಯಾಗಿ ಹಿಡೀರಿ ಸಾರ್, ಜೋಲುತ್ತಿದೆ."

ಅವಳ ಮರಣದ ದಾಖಲೆಯನ್ನೂ ಅವನೇ ಬರೆದ. ಆ ಮೇಜಿಗೆ ಕಚೇರಿ ಇನ್ನೂ ಬೇರೆಯವರನ್ನು ಹಾಕಿರಲಿಲ್ಲ.

ಮೂರು ಬೀದಿಗಳಲ್ಲಿ ಸಾವಿರದ ನೂರು ಜನ, ಸತ್ತದ್ದು ಒಬ್ಬಳು. ನಮ್ಮ ಯೋಜನೆಯನ್ನು ಪತ್ರಿಕೆಗಳು ಹೊಗಳಿದವು. ಬೇರೆ ಊರುಗಳ ಅಧಿಕಾರಿಗಳು ನೋಡಿ ಕಲಿಯಲು ಬಂದರು. ಮೇಲಧಿಕಾರಿಗೆ ಬಡ್ತಿಯಾಯಿತು. ಅವರು ಕೆಟ್ಟವರಲ್ಲ, ಹೊರಡುವ ದಿನ ಎದ್ದೇಳಪ್ಪನ ಭುಜದ ಮೇಲೆ ಕೈಯಿಟ್ಟರು. "ಪಾಸು ಅಂದವನು ನಾನು ಕಣಯ್ಯ," ಎಂದರಂತೆ. ಅದಕ್ಕೆ ಅವನು, "ವಾಚೂ ಅದನ್ನೇ ಹೇಳಿತ್ತು ಸಾರ್," ಎಂದನಂತೆ.

ಆರನೆಯ ತಿಂಗಳ ಮರುಪರೀಕ್ಷೆಗೆ ಎದ್ದೇಳಪ್ಪ ನೋಟೀಸು ಅಂಟಿಸಲಿಲ್ಲ. ವಾಚನ್ನೂ ತರಲಿಲ್ಲ. ಯಾರನ್ನೂ ಏಳಿ ಎನ್ನಲಿಲ್ಲ. ಈ ಮನೆಯಲ್ಲಿ ಕೂತು ಆ ಮನೆಯವರನ್ನು ವಿಚಾರಿಸಿದ, ಆ ಮನೆಯಲ್ಲಿ ಕೂತು ಈ ಮನೆಯವರನ್ನು. ತಮ್ಮ ಮನೆಯಲ್ಲಿ ಎಲ್ಲರೂ ನಡೆಯುತ್ತಾರೆ, ಪಕ್ಕದ ಮನೆಯಲ್ಲಿ ಯಾರೂ ನಡೆಯುವುದಿಲ್ಲ ಎಂಬುದು ಜನರ ಸ್ವಭಾವ. ಬಡಗಿ ನನ್ನ ವಿಷಯದಲ್ಲಿ ಅರ್ಧ ಗಂಟೆ ಮಾತಾಡಿದನಂತೆ. ಹೊಸ ಪಟ್ಟಿಯಲ್ಲಿ ಎತ್ತಬೇಕಾದವರು ಇಪ್ಪತ್ತೊಂಬತ್ತಲ್ಲ, ಎಪ್ಪತ್ತೆರಡು. ಬಚ್ಚಲಿನ ತಾತನೂ ಬಂದಿದ್ದ, ಬೂಟಿನ ಅಜ್ಜಿಯೂ ಬಂದಿದ್ದಳು. ಅವನು ಆ ಪಟ್ಟಿಯನ್ನು ಲಗತ್ತಿಸಿ, ಕನಿಷ್ಠ ಇನ್ನೊಂದು ಗಾಡಿಯಾದರೂ ಬೇಕೆಂದು ಮೇಲಕ್ಕೆ ಬರೆದ. ಮೇಲಿನವರ ಉತ್ತರವನ್ನು ತಂದು ನಮ್ಮ ಬಾಗಿಲಿನ ಮೆಟ್ಟಿಲ ಮೇಲೆ ಕೂತು ನನಗೆ ಓದಲು ಕೊಟ್ಟ. ಹಿಂದಿನ ಪ್ರವಾಹದಲ್ಲಿ ಜೀವಹಾನಿ ಒಂದಕ್ಕೆ ಸೀಮಿತವಾಗಿರುವುದರಿಂದ ಈಗಿರುವ ಒಂದು ಗಾಡಿಯ ವ್ಯವಸ್ಥೆ ಸಮರ್ಪಕವಾಗಿದೆಯೆಂದು ಪರಿಗಣಿಸಲಾಗಿದೆ ಎಂದಿತ್ತು.

ನಾನು ಅದನ್ನು ಎರಡು ಸಲ ಓದಿದೆ. ಒಳಗಿನಿಂದ ಅತ್ತೆ, ಯಾರದು, ಅಳಿಯನನ್ನು ಮತ್ತೆ ಓಡಿಸೋಕೆ ಬಂದ್ರಾ ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು ಬಾಯಿಗೆ ಬಂದ ಹಾಗೆ ಮಾತಾಡಿಸುತ್ತದೆ.

"ಅಲ್ಲ ರೀ, ಎರಡನೇ ಗಾಡಿ ಬರಬೇಕು ಅಂದ್ರೆ ಎಷ್ಟು ಜನ ಸಾಯಬೇಕಂತೆ?"

ಎದ್ದೇಳಪ್ಪ ಕಾಗದವನ್ನು ಮಡಿಸಿ ಸೀಮೆಸುಣ್ಣದ ಜೇಬಿಗೆ ಇಟ್ಟುಕೊಂಡ.

"ಹೋದ ವಾರ ಕೇಳಿ ಬರೆದಿದ್ದೀನಿ ಸಾರ್," ಎಂದ. "ಪರಿಶೀಲನೆಯಲ್ಲಿದೆಯಂತೆ."